ಗುಮ್ಮಣ್ಣನ ಹೊಸ ನಾದ

ಗುಮ್ಮಣ್ಣನಿಗೆ ಕಿವಿ ಕೇಳಿಸುವುದಿಲ್ಲ ಎನ್ನುವುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಅವನೇ, ಇನ್ನೊಬ್ಬಳು ಅವನ ಹೆಂಡತಿ. ಜಾಜ್ ತಂಡದಲ್ಲಿ ಬೇಸ್ ನುಡಿಸುವವನಿಗೆ ಕಿವಿಯೇ ಇಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನಂಬುವುದಿಲ್ಲ. ಅದೇ ಅವನನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದಿತ್ತು.

ಹುಟ್ಟುಕಿವುಡನೇನಲ್ಲ. ನಡುವಯಸ್ಸು ದಾಟುತ್ತಿದ್ದಂತೆ ಒಂದೊಂದೇ ಸದ್ದು ಅವನಿಗೆ ಹೇಳದೆ ಕೇಳದೆ ಮನೆ ಖಾಲಿ ಮಾಡಿಕೊಂಡು ಹೋಗಿತ್ತು. ಉಳಿದದ್ದು ಬಾಗಿಲು ಧಡಾರನೆ ಬಡಿದರೆ ತಿಳಿಯುವಷ್ಟು. ಆದರೆ ಅವನ ಡಬಲ್ ಬೇಸ್ ಆಳೆತ್ತರದ ಮರದ ವಾದ್ಯ. ಅದನ್ನು ಎದೆಗೆ ಒರಗಿಸಿಕೊಂಡು ತಂತಿ ಮೀಟಿದರೆ ನಡುಕ ನೇರವಾಗಿ ಮೂಳೆಗೇ ಬರುತ್ತಿತ್ತು. ಯಾವ ಸ್ವರ ಮೈಯಲ್ಲಿ ಎಲ್ಲಿ ನಡುಗುತ್ತದೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು: ಕೆಳಗಿನ ಸ್ವರಗಳು ಹೊಟ್ಟೆಯಲ್ಲಿ, ಮೇಲಿನವು ದವಡೆಯಲ್ಲಿ. ಲಯಕ್ಕೆ ಡ್ರಮ್ಮರನ ಪಾದ ನೋಡುತ್ತಿದ್ದ, ಮಾತಿಗೆ ಎದುರಿನವರ ತುಟಿ ನೋಡುತ್ತಿದ್ದ. ಶ್ರುತಿ ಮಾಡುವ ಕೆಲಸವೊಂದನ್ನು ಮಗಳಿಗೆ ಬಿಟ್ಟಿದ್ದ. ಅವಳು ಫ್ರಾಕ್ ಹಾಕಿಕೊಳ್ಳುತ್ತಿದ್ದ ವಯಸ್ಸಿನಿಂದಲೂ ಅಪ್ಪನ ತಂತಿಗಳನ್ನು ಬಿಗಿ ಮಾಡಿಕೊಡುತ್ತಿದ್ದವಳು ಅವಳೇ. "ನನ್ನ ಮಗಳು ಮುಟ್ಟಿಕೊಟ್ಟ ಮೇಲೇ ನಾನು ಮುಟ್ಟೋದು" ಎಂದು ಇವನು ಎದೆಯುಬ್ಬಿಸಿ ಹೇಳುತ್ತಿದ್ದ. "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ಡ್ರಮ್ಮರ್ ಛೇಡಿಸುತ್ತಿದ್ದ.

ಹೆಗ್ಗಣವೇನಲ್ಲ, ಚಿನ್ನದಂಥ ಹುಡುಗಿ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಅದು ಯಾವ ಸ್ವರ ಎಂದು ಕೋಣೆಯಿಂದಲೇ ಕೂಗಿ ಹೇಳುವಂಥ ಕಿವಿ ಅವಳದು. ಈಗ ಅವಳು ಬೆಳೆದಿದ್ದಳು, ತಂಡದ ಪಿಯಾನೋ ಅವಳ ಪಾಲಿಗೆ ಬಂದಿತ್ತು. ತಂಡ ಅವಳ ಸೋದರಮಾವನದು, ಅಂದರೆ ಗುಮ್ಮಣ್ಣನ ಭಾವಮೈದನದು. ಅವನು ಟ್ರಂಪೆಟ್ ಊದುತ್ತಿದ್ದ, ಊದದೆ ಇದ್ದಾಗ ಮಾತಾಡುತ್ತಿದ್ದ.

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಅಭ್ಯಾಸದ ಕೋಣೆ. ಕೆಳಗಿನ ರಬ್ಬರಿನ ವಾಸನೆ ಮೇಲಿನ ಪರದೆಗಳಿಗೂ ಅಂಟಿಕೊಂಡಿತ್ತು. ಅಲ್ಲಿಗೆ ಒಂದು ಬೆಳಿಗ್ಗೆ ಭಾವಮೈದ ನಾಲ್ಕು ಜನ ಹಮಾಲರ ಕೈಲಿ ಪೆಟ್ಟಿಗೆಗಳನ್ನು ಹೊರಿಸಿಕೊಂಡು ಬಂದ. ಒಳಗಿದ್ದದ್ದು ಆಂಪ್ಲಿಫೈಯರು, ಸ್ಪೀಕರು, ಎಲೆಕ್ಟ್ರಿಕ್ ಪಿಯಾನೋ, ಎಲೆಕ್ಟ್ರಿಕ್ ಬೇಸ್ ಗಿಟಾರು.

"ಗಾಳಿ ಬಂದಾಗ ತೂರಿಕೊಳ್ಳಬೇಕು ಭಾವ," ಅಂದ. "ಮೊನ್ನೆ ನಮ್ಮ ಕಛೇರಿಗೆ ಬಂದವರಲ್ಲಿ ಅರ್ಧ ಜನ ಹಲ್ಲುಸೆಟ್ಟಿನವರು. ಹುಡುಗರು ಬರಬೇಕು ಅಂದ್ರೆ ಕರೆಂಟು ಬೇಕು."

ಗುಮ್ಮಣ್ಣ ಆ ಗಿಟಾರನ್ನು ಕೈಗೆತ್ತಿಕೊಂಡ. ಒಳಗೆ ಪೊಳ್ಳೇ ಇಲ್ಲದ ಗಟ್ಟಿ ಹಲಗೆ. ತಂತಿ ಮೀಟಿದ. ಎದೆಗೆ ಏನೂ ಬರಲಿಲ್ಲ. ಇನ್ನೊಂದು ಸಲ ಮೀಟಿದ. ಹೆಣದ ಕೈ ಹಿಡಿದ ಹಾಗಿತ್ತು. ಅದನ್ನು ಕೆಳಗಿಟ್ಟು, ನನ್ನ ಕೈಲಿ ಇದೆಲ್ಲ ಆಗದು, ಮರದ ವಾದ್ಯವೇ ನನಗೆ ದೇವರು ಎಂದುಬಿಟ್ಟ.

ಒಂದು ವಾರ ಎಲ್ಲರೂ ಸರದಿಯ ಮೇಲೆ ಬುದ್ಧಿ ಹೇಳಿದರು. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು," ಎಂದು ಡ್ರಮ್ಮರ್ ಕೈ ಚೆಲ್ಲಿದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಲಿಯೋಕೆ ಸೋಮಾರಿತನ, ಹೇಳೋದು ದೇವರ ಹೆಸರು." ಗುಮ್ಮಣ್ಣ ಎಲ್ಲವನ್ನೂ ಸಹಿಸಿದ. ಹಟಮಾರಿ ಎನ್ನಿಸಿಕೊಂಡರೆ ಮರ್ಯಾದೆ ಉಳಿಯುತ್ತದೆ. ಕಿವುಡ ಎನ್ನಿಸಿಕೊಂಡರೆ ಮರುದಿನವೇ ಇನ್ನೊಬ್ಬ ಬೇಸ್‌ನವನು ಬಂದು ಅವನ ಜಾಗದಲ್ಲಿ ನಿಲ್ಲುತ್ತಾನೆ. ನುಡಿಸುವುದೊಂದು ಬಿಟ್ಟು ಬೇರೇನೂ ಬಾರದ ಮನುಷ್ಯ ಆಮೇಲೆ ಎಲ್ಲಿಗೆ ಹೋಗಬೇಕು?

"ಹೇಳಿಬಿಡಿ ಅತ್ಲಾಗೆ," ಅಂದಳು ಹೆಂಡತಿ, ಅವನೆದುರಿಗೆ ಬಂದು ನಿಂತು. "ನನ್ನ ತಮ್ಮನೇ ತಾನೆ, ನಿಮ್ಮನ್ನೇನು ಬೀದಿಗೆ ಹಾಕ್ತಾನಾ?"

ಹಾಕುವುದಿಲ್ಲ, ಕನಿಕರದಿಂದ ಕೂರಿಸಿ ಊಟ ಹಾಕುತ್ತಾನೆ ಎಂದು ಗುಮ್ಮಣ್ಣನಿಗೆ ಗೊತ್ತಿತ್ತು. ಅವನು ಹೆದರಿದ್ದೇ ಅದಕ್ಕೆ.

ಕೊನೆಗೆ ಎಲ್ಲರೂ ಊಟಕ್ಕೆ ಇಳಿದಿದ್ದ ಒಂದು ಮಧ್ಯಾಹ್ನ, ಒಬ್ಬನೇ ಉಳಿದು ಆ ಹಲಗೆಯನ್ನು ಮತ್ತೆ ಕೊರಳಿಗೆ ಹಾಕಿಕೊಂಡ. ತನ್ನೆತ್ತರದ ಸ್ಪೀಕರ್ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತ. ವಾಲ್ಯೂಮಿನ ಗುಂಡಿ ತಿರುಗಿಸುತ್ತ, ಮೀಟುತ್ತ ಹೋದ. ಅರ್ಧಕ್ಕೆ ಅಂಗಾಲಿಗೆ ಬಂತು. ಮುಕ್ಕಾಲಿಗೆ ಮೊಣಕಾಲಿಗೆ. ಗುಂಡಿ ಇನ್ನು ತಿರುಗದು ಎನ್ನುವ ಜಾಗದಲ್ಲಿ ಪಕ್ಕೆಲುಬುಗಳ ಒಳಗೆ ಒಂದು ಸ್ವರ ಎದ್ದು ನಿಂತಿತು. ಬೇಗ ಬೇಗ ನುಡಿಸಿದರೆ ಎಲ್ಲ ಕಲಸುಮೇಲೋಗರವಾಗುತ್ತಿತ್ತು. ಒಂದೇ ಸ್ವರ ಹಿಡಿದು, ಅದು ಪೂರ್ತಿ ಸಾಯುವ ತನಕ ಕಾದು, ಇನ್ನೊಂದಕ್ಕೆ ಹೋದರೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಸಂತೋಷಕ್ಕೆ ಅವನ ಕಣ್ಣಲ್ಲಿ ನೀರು ಬಂತು.

ತಲೆಯೆತ್ತಿದರೆ ಬಾಗಿಲಲ್ಲಿ ಭಾವಮೈದ, ಹಿಂದೆ ಡ್ರಮ್ಮರ್, ಅವನ ಹಿಂದೆ ಟೈರ್ ಅಂಗಡಿಯವನು, ಮೂವರೂ ಬಾಯಿ ಬಿಟ್ಟುಕೊಂಡು ನಿಂತಿದ್ದರು.

"ಭಾವ, ಇದು... ಇದು ಎಲ್ಲಿತ್ತು ನಿಮ್ಮೊಳಗೆ?" ಎಂದು ಭಾವಮೈದ ಓಡಿಬಂದು ಅವನ ಕೈ ಹಿಡಿದುಕೊಂಡ. "ನಾನು ಬರೀ ಸದ್ದು ಜಾಸ್ತಿ ಮಾಡೋಣ ಅಂತಿದ್ದೆ. ನೀವು ಸಂಗೀತವನ್ನೇ ತಿರುಗಿಸಿಬಿಟ್ಟಿರಿ!"

ಅಂದಿನಿಂದ ಹಳೆಯ ಹಾಡುಗಳೆಲ್ಲ ಮೂಲೆಗೆ ಬಿದ್ದವು. ಗುಮ್ಮಣ್ಣನ ಆ ಉದ್ದುದ್ದದ ಸ್ವರಗಳ ಮೇಲೆ ಟ್ರಂಪೆಟ್ಟು ಎಳೆ ಎಳೆಯಾಗಿ ಅಳಲು ಕಲಿಯಿತು, ಡ್ರಮ್ಮು ಸಾವಕಾಶ ಕಲಿಯಿತು. ಹುಡುಗರು ಹಿಂಡು ಹಿಂಡಾಗಿ ಬಂದರು. ಇಷ್ಟು ಕಾಲ ಹಿಂದೆ ನಿಂತಿದ್ದ ಮನುಷ್ಯ ಮುಪ್ಪಿನಲ್ಲಿ ಹೊಸ ದಾರಿ ಕಂಡುಕೊಂಡಿದ್ದಾನೆ, ಅವನ ಸ್ವರವನ್ನು ಕಿವಿಯಿಂದಲ್ಲ, ಮೈಯಿಂದ ಕೇಳಬೇಕು ಎಂದು ಒಂದು ಪತ್ರಿಕೆ ಬರೆಯಿತು. ಅದನ್ನು ಓದಿದಾಗ ಗುಮ್ಮಣ್ಣನಿಗೆ ನಗು ಬರಲಿಲ್ಲ. ಬಂದದ್ದು ಹೆಮ್ಮೆ. ಸುಳ್ಳನ್ನು ನಾಲ್ಕು ಜನ ಹೊಗಳಿದರೆ ಹೇಳಿದವನೇ ನಂಬಿಬಿಡುತ್ತಾನೆ.

ವೇದಿಕೆಗಳು ಇಕ್ಕಟ್ಟು. ಸ್ಪೀಕರ್ ಪೆಟ್ಟಿಗೆಯ ಬಲಕ್ಕೆ ಡ್ರಮ್ಮು, ಎಡಕ್ಕೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಮಗಳ ಪಿಯಾನೋ.

ಕೆಲವು ತಿಂಗಳ ನಂತರ ಅವಳ ಕಿವಿಯಲ್ಲಿ ಹತ್ತಿ ಕಂಡಿತು. ಆಗಾಗ ತಲೆ ಕೊಡವಿಕೊಳ್ಳುತ್ತಿದ್ದಳು. "ನೆಗಡಿ ಅಪ್ಪ," ಅಂದಳು. ಯಾವ ನೆಗಡಿ ವಾರಗಟ್ಟಲೆ ಕಿವಿಯಲ್ಲಿ ಕೂರುತ್ತದೆ? ಗುಮ್ಮಣ್ಣನಿಗೆ ಎಲ್ಲ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಯಾರಾದರೂ ಅವನ ಪರ ವಾದಿಸಿದರೆ ನಂಬಬೇಡಿ. ತನ್ನ ಕಿವಿಯಲ್ಲಿ ಮೊದಲು ಶುರುವಾದ ಆ ಕುಂಯ್ ಎನ್ನುವ ಸದ್ದು, ತಲೆ ಕೊಡವಿಕೊಳ್ಳುವ ಆ ಚಾಳಿ, ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಒಂದು ಸಂಜೆ ತಡೆಯಲಾರದೆ, ವೇದಿಕೆ ಹತ್ತಿದವನೇ ಗುಂಡಿಯನ್ನು ಅರ್ಧಕ್ಕೆ ಇಳಿಸಿದ. ಎರಡನೆಯ ಹಾಡಿಗೆ ಕಾಲಡಿಯ ನೆಲವೇ ಹೋದಂತಾಯಿತು. ತಾನು ಎಲ್ಲಿದ್ದೇನೆ, ಉಳಿದವರು ಎಲ್ಲಿದ್ದಾರೆ ತಿಳಿಯದು. ಎಲ್ಲರ ಮುಖ ಅವನ ಕಡೆ ತಿರುಗಿತು. ಮಗಳೇ ಏನೇನೋ ನುಡಿಸಿ, ಕಣ್ಣಲ್ಲೇ ಸನ್ನೆ ಮಾಡಿ, ಅವನನ್ನು ದಡ ಸೇರಿಸಿದಳು.

"ವಯಸ್ಸಾಯ್ತೇನು ಭಾವ?" ಎಂದು ಭಾವಮೈದ ಬೆನ್ನು ತಟ್ಟಿದ. ಕೋಪದಿಂದಲ್ಲ, ಮೆತ್ತಗೆ. ಆ ಮೆತ್ತನೆಯ ತಟ್ಟು ಗುಮ್ಮಣ್ಣನ ಎದೆಗೆ ನಾಟಿತು. ಮರುದಿನ ಗುಂಡಿ ಮತ್ತೆ ಕೊನೆಯ ತನಕ ತಿರುಗಿತು. ತಿರುಗಿಸುವಾಗ ಅವನು ಮಗಳ ಕಡೆ ನೋಡಲಿಲ್ಲ.

ಚಳಿಗಾಲದಲ್ಲಿ ರೆಕಾರ್ಡಿಂಗ್ ಬಂತು. ಎಂದಿನಂತೆ ಮಗಳು ಅಪ್ಪನ ತಂತಿಗಳನ್ನು ಶ್ರುತಿ ಮಾಡಿ ಕೊಟ್ಟಳು. ಯಾಕೋ ಆವತ್ತು ಹೊತ್ತು ಹಿಡಿಯಿತು. ಒಂದು ಕಿವಿ ಕೊಟ್ಟು ಕೇಳಿದಳು, ಇನ್ನೊಂದು ಕಿವಿ ಕೊಟ್ಟು ಕೇಳಿದಳು, ಬಿಗಿ ಮಾಡಿದಳು, ಸಡಿಲ ಮಾಡಿದಳು. ಗುಮ್ಮಣ್ಣ ಮೊದಲ ಸ್ವರ ಮೀಟಿದ. ಭಾವಮೈದನ ಮುಖ ಹುಣಸೆಹಣ್ಣು ಕಚ್ಚಿದ ಹಾಗಾಯಿತು. ಡ್ರಮ್ಮರನ ಕಡ್ಡಿ ಗಾಳಿಯಲ್ಲೇ ನಿಂತಿತು. ಗಾಜಿನ ಆಚೆ ಕೂತಿದ್ದ ಇಂಜಿನಿಯರ್ ಕೈ ಎತ್ತಿ ನಿಲ್ಲಿಸಿದ. ಮಗಳೊಬ್ಬಳೇ ಏನೂ ಆಗದವಳಂತೆ ನುಡಿಸುತ್ತ ಹೋಗುತ್ತಿದ್ದಳು.

"ನನ್ನ ತಪ್ಪು," ಅಂದ ಗುಮ್ಮಣ್ಣ ಗಟ್ಟಿಯಾಗಿ. "ತಂತಿಯ ಬಿರಡೆಗೆ ಕೈ ತಗುಲಿಸಿದೆ." ಇಂಜಿನಿಯರ್ ಬಂದು ಯಂತ್ರ ಇಟ್ಟು ಶ್ರುತಿ ಸರಿ ಮಾಡಿಕೊಟ್ಟ. ಮಗಳ ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತ್ತು.

ಮರುದಿನ ಬೆಳಿಗ್ಗೆ ಅಡುಗೆಮನೆಯ ಮೇಜಿನ ಎದುರು ಅವಳು ಅಪ್ಪನ ಮುಂದೆ ಬಂದು ಕೂತಳು. ಡಾಕ್ಟರನ್ನು ಆಗಲೇ ಕಂಡು ಬಂದಿದ್ದಳಂತೆ. ಒಳಗಿನ ನರ ಸತ್ತಿದೆ, ವಾಪಸು ಬರುವುದಿಲ್ಲ ಎಂದರಂತೆ.

"ಒಂದೇ ಸ್ವರ ಬಲಗಿವಿಗೆ ಒಂದು ಥರ, ಎಡಗಿವಿಗೆ ಇನ್ನೊಂದು ಥರ ಕೇಳ್ಸುತ್ತೆ ಅಪ್ಪ. ಯಾವುದು ಸರಿ ಅಂತ ನಂಗೆ ಗೊತ್ತಾಗ್ತಿಲ್ಲ."

"ಮೊದಲೇ ಯಾಕಮ್ಮ ಹೇಳ್ಲಿಲ್ಲ? ಸದ್ದು ಕಮ್ಮಿ ಮಾಡು ಅನ್ನಬಾರದಿತ್ತಾ?"

"ಹೇಗೆ ಅನ್ನಲಿ? ಜೀವಮಾನವೆಲ್ಲ ಹಿಂದೆ ನಿಂತು ನುಡಿಸಿದವನು ನೀನು. ಈಗ ಏನೋ ಹೊಸದು ಕಂಡಿದ್ದೀಯ, ಅದಕ್ಕೆ ಅಷ್ಟು ಸದ್ದು ಬೇಕು ಅಂದ್ಕೊಂಡೆ. ನನ್ನ ಕಿವಿಗೋಸ್ಕರ ಅದನ್ನ ಹಾಳು ಮಾಡ್ಲಾ?"

ಹೆಂಡತಿ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು. ಅವಳ ಹೆಗಲು ಅಲುಗುತ್ತಿತ್ತು. ಗುಮ್ಮಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹೇಳದೆ ಇದ್ದರೆ ಮಗಳಿಗೆ ಸಮಾಧಾನವಾದರೂ ಉಳಿಯುತ್ತಿತ್ತೇನೋ. ಆದರೆ ಇನ್ನೊಂದು ಸುಳ್ಳನ್ನು ಹೊರುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಹೊಸದು ಏನೂ ಇಲ್ಲಮ್ಮ," ಅಂದ. "ನಂಗೆ ಕಿವಿ ಕೇಳ್ಸಲ್ಲ. ಅದಕ್ಕೇ ಸದ್ದು ಹೆಚ್ಚಿಸ್ತಿದ್ದೆ. ನಿನಗೆ ಏನಾಗ್ತಿದೆ ಅಂತ ಗೊತ್ತಿದ್ದೂ ಹೆಚ್ಚಿಸ್ದೆ."

ಮಗಳು ಅವನನ್ನೇ ನೋಡಿದಳು. ಮೊದಲು ಅರ್ಥವಾಗದೆ, ಆಮೇಲೆ ಅರ್ಥವಾಗಿ. ಒಲೆಯ ಕಡೆ ತಿರುಗಿ, "ನಿಂಗೂ ಗೊತ್ತಿತ್ತಾ ಅಮ್ಮ?" ಅಂದಳು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮಗಳು ಬಯ್ಯಲಿ, ಎದ್ದು ಕಪಾಳಕ್ಕೆ ಬಾರಿಸಲಿ ಎಂದು ಗುಮ್ಮಣ್ಣ ಕಾದ. ಅವಳು ಮೇಜಿನ ಮೇಲಿನ ಒಂದು ಕಲೆಯನ್ನು ಉಗುರಿನಿಂದ ಕೆರೆಯತೊಡಗಿದಳು.

"ಮಾವನಿಗೆ ಗೊತ್ತಾ?" ಎಂದು ಮುಖವೆತ್ತಿದಳು.

"ಇಲ್ಲ."

"ನಂದು ಗೊತ್ತಾದ್ರೆ ಬೇರೆಯವರನ್ನ ಕರೀತಾನೆ. ನುಡಿಸೋದು ಬಿಟ್ರೆ ನಂಗೇನು ಬರುತ್ತೆ?" ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅವನಿಗೆ ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಕೇಳಿದಳು. "ಇಷ್ಟು ವರ್ಷ ಹೇಗೆ ಮುಚ್ಚಿಟ್ಟೆ ಅಪ್ಪ? ನಂಗೂ ಹೇಳ್ಕೊಡು."

ಬೇಡ ಎನ್ನಲು ಗುಮ್ಮಣ್ಣನಿಗೆ ಯಾವ ಮುಖವಿತ್ತು? ಒಂದು ಲೋಟ ನೀರು ಕುಡಿದು ಶುರುಮಾಡಿದ.

"ಕೇಳಿಸದೆ ಹೋದಾಗ 'ಏನು' ಅಂತ ಯಾವತ್ತೂ ಅನ್ನಬೇಡ. 'ನೋಡೋಣ' ಅನ್ನು. ಯಾರು ಏನು ಕೇಳಿದ್ರೂ ಅದು ನಡೆಯುತ್ತೆ."

"ನೋಡೋಣ."

"ಅಷ್ಟು ಬೇಗ ಬೇಡ. ಯೋಚನೆ ಮಾಡಿದ ಹಾಗೆ ಮಾಡಿ ಹೇಳು."

ಮಗಳು ಹುಬ್ಬು ಗಂಟಿಕ್ಕಿದಳು, ಒಂದು ಗಳಿಗೆ ಬಿಟ್ಟಳು, ಸಣ್ಣಗೆ ತಲೆಯಾಡಿಸಿ "ನೋಡೋಣ" ಅಂದಳು. ತಪ್ಪು ಹುಡುಕೋಣವೆಂದರೆ ಒಂದೂ ಇರಲಿಲ್ಲ. ಚಿಕ್ಕಂದಿನಿಂದಲೂ ಅವಳು ಹಾಗೆಯೇ, ಏನು ಹೇಳಿಕೊಟ್ಟರೂ ಒಂದೇ ಸಲಕ್ಕೆ ಕಲಿತುಬಿಡುತ್ತಿದ್ದಳು.