ಇಸಿದೋರಾಳ ಜೀವ ಕರೆದು ತಂದದ್ದು

ಲಾ ಪಾಸ್ ನಗರವನ್ನು ಬ್ರೌಲಿಯೊ ತಾರ್ಕಿ ಮೊದಲ ಸಲ ನೋಡಿದ್ದು ಮೇಲಿನಿಂದ. ನಗರದ ಮೇಲಿನ ಬಯಲಾದ ಎಲ್ ಆಲ್ತೋದ ಅಂಗಡಿ ಸಾಲು ಒಂದು ಕಡೆ ತಟ್ಟನೆ ಮುಗಿಯುತ್ತದೆ. ಅಲ್ಲಿಂದಾಚೆ ನೆಲವೇ ಇಲ್ಲ. ಕೆಳಗೆ, ದೊಡ್ಡದೊಂದು ಕೊರಕಲಿನ ಗೋಡೆಗಳ ತುಂಬ ಇಟ್ಟಿಗೆ ಮನೆಗಳು ಅಂಟಿಕೊಂಡಿವೆ. ವ್ಯಾನಿನಿಂದ ಇಳಿದವನು ಆ ಅಂಚಿನಲ್ಲಿ ಕಂಬಿ ಹಿಡಿದು ನಿಂತ. ಇಷ್ಟು ಮನೆಗಳ ನಡುವೆ ಎಲ್ಲೋ ಒಂದು ಕಡೆ ಅವನ ಮಗಳ ಜೀವ ಬಿದ್ದಿತ್ತು. ಅದನ್ನು ಕರೆದುಕೊಂಡು ಹೋಗಲು ಬಂದಿದ್ದ.

"ಬಾಯಿ ಮುಚ್ಕೋ ಭಾವ. ಇರೋ ನಾಲ್ಕು ಹಲ್ಲೂ ಊರಿಗೆಲ್ಲ ಕಾಣ್ತಾ ಇದೆ," ಎಂದಳು ಅವನನ್ನು ಎದುರುಗೊಳ್ಳಲು ಬಂದಿದ್ದ ಪಾಸ್ಕ್ವಾಲಾ. ಅವನ ಹೆಂಡತಿಯ ತಂಗಿ. ಇಪ್ಪತ್ತು ವರ್ಷದಿಂದ ಈ ನಗರದ ಸಂತೆಬೀದಿಯಲ್ಲಿ ಒಣಗಿಸಿದ ಆಲೂಗಡ್ಡೆ ಮಾರುತ್ತಿದ್ದವಳು.

"ಇಷ್ಟು ದೊಡ್ಡದು ಅಂತ ನೀನು ಹೇಳಿರಲಿಲ್ಲ."

"ಹೇಳಿದ್ರೆ ನಂಬ್ತಿದ್ಯಾ? ನೀನು ನಿಮ್ಮೂರ ಸರೋವರ ಬಿಟ್ರೆ ಬೇರೇನೂ ದೊಡ್ಡದಿಲ್ಲ ಅನ್ನೋನು."

ಅವನು ನಗಲಿಲ್ಲ. ಬೆನ್ನ ಮೇಲಿನ ಗಂಟಿನಲ್ಲಿ ಇಸಿದೋರಾಳ ಶಾಲು ಇತ್ತು, ಅವಳ ತಾಯಿ ನೇಯ್ದ ಕೆಂಪು ಪಟ್ಟೆಯದು. ಇಸಿದೋರಾಗೆ ಹತ್ತೊಂಬತ್ತು. ಈ ನಗರದಲ್ಲಿ ಒಂದು ವರ್ಷ ಮನೆಗೆಲಸ ಮಾಡಿ ಮೇ ತಿಂಗಳಲ್ಲಿ ಊರಿಗೆ ವಾಪಸು ಬಂದಳು. ಬಂದವಳು ಒಲೆಯ ಪಕ್ಕ ಕೂತಳು. ಮಾತಿಲ್ಲ. ಬಾಯಿಗಿಟ್ಟರೆ ಅಗಿಯುತ್ತಾಳೆ, ಇಡದಿದ್ದರೆ ಇಲ್ಲ. ಆರೋಗ್ಯ ಕೇಂದ್ರದಲ್ಲಿ ಅವಳಿಗೆ ಸೂಜಿ ಹಾಕಿಸಿ ತಂದರು, ಏನೂ ಆಗಲಿಲ್ಲ. ಕೊನೆಗೆ ಊರಿನ ವೈದ್ಯ ಕೋಕಾ ಎಲೆ ಚೆಲ್ಲಿ ಶಕುನ ನೋಡಿ, ಹುಡುಗಿ ಎಲ್ಲೋ ಹೆದರಿದ್ದಾಳೆ, ಹೆದರಿದ ಜಾಗದಲ್ಲೇ ಜೀವ ಬಿದ್ದುಹೋಗಿದೆ ಎಂದ. ಆ ಜಾಗಕ್ಕೆ ಹೋಗಬೇಕು. ಅವಳ ಬಟ್ಟೆ ಹಾಸಿ ಹೆಸರು ಹಿಡಿದು ಕರೆಯಬೇಕು. ಬಂದರೆ ಬಟ್ಟೆ ಭಾರವಾಗುತ್ತದೆ. ಆಮೇಲೆ ಅದನ್ನು ಅವಳ ಮೈಮೇಲೆ ಹೊದಿಸುವ ತನಕ ಹೊತ್ತವನು ಮಾತಾಡಕೂಡದು, ಹಿಂದೆ ತಿರುಗಿ ನೋಡಕೂಡದು. ಮಾತಾಡಿದರೆ ಬಂದ ಜೀವ ದಾರಿಯಲ್ಲೇ ಇಳಿದುಹೋಗುತ್ತದೆ. ಹಾಗೆ ಇಳಿದದ್ದು ಎರಡನೇ ಸಲ ಕರೆದರೆ ಬರುವುದಿಲ್ಲ.

ಹೆದರಿದ್ದು ಎಲ್ಲಿ ಎಂದು ಹೇಳಬೇಕಾದವಳೇ ಮಾತಾಡುತ್ತಿರಲಿಲ್ಲ.

ಪಾಸ್ಕ್ವಾಲಾಗೆ ರೋಪ್‌ವೇ ಮೇಲೆ ಅನುಮಾನ. ಕೆಲಸದಲ್ಲಿದ್ದಾಗ ಒಂದು ಭಾನುವಾರದ ರಜೆಯಲ್ಲಿ ತನ್ನಲ್ಲಿಗೆ ಬಂದ ಇಸಿದೋರಾ, ಗಾಳಿಗೆ ಡಬ್ಬಿ ನಡುಮಧ್ಯೆ ನಿಂತಿತೆಂದು ಹೇಳಿ ನಡುಗಿದ್ದಳಂತೆ. ಹಾಗಾಗಿ ನಗರದಲ್ಲಿ ಬ್ರೌಲಿಯೊನ ಮೊದಲ ಮಧ್ಯಾಹ್ನ ಆಕಾಶದಲ್ಲೇ ಕಳೆಯಿತು. ಡಬ್ಬಿ ಮನೆಗಳ ಮಾಡಿನ ಮೇಲೆ ತೇಲುತ್ತ ಇಳಿಯುತ್ತಿತ್ತು. ಕೆಳಗೆ ಒಣಹಾಕಿದ ಬಟ್ಟೆ, ಕಟ್ಟಿಹಾಕಿದ ನಾಯಿಗಳು, ಸಮಾಧಿಗಳ ಸಾಲು, ರಾಷ್ಟ್ರೀಯ ದಿನಕ್ಕೆಂದು ತಾಲೀಮು ಮಾಡುತ್ತಿದ್ದ ಶಾಲಾ ಮಕ್ಕಳ ಬ್ಯಾಂಡು. ಅವನು ಮೊಣಕಾಲ ಮೇಲೆ ಶಾಲು ಬಿಡಿಸಿ, "ಇಸಿದೋರಾ, ಬಾ. ಇಸಿದೋರಾ, ಮನೆಗೆ ಹೋಗೋಣ ಬಾ," ಎಂದು ಕರೆದ. ಎದುರು ಕೂತಿದ್ದ ಟೈ ಕಟ್ಟಿದ ಹುಡುಗ ಕಿವಿಯಿಂದ ಇಯರ್‌ಫೋನ್ ತೆಗೆದು ನೋಡಿದ.

"ಏನ್ ನೋಡ್ತೀಯ? ನಿಮ್ಮಜ್ಜಿ ನಿನ್ನೂ ಹಿಂಗೇ ಕರೆದಿರ್ತಾಳೆ," ಎಂದಳು ಪಾಸ್ಕ್ವಾಲಾ.

ಹುಡುಗ ಇಯರ್‌ಫೋನ್ ಮತ್ತೆ ಹಾಕಿಕೊಂಡ.

ಇಳಿದ ಮೇಲೆ ಬ್ರೌಲಿಯೊ ಶಾಲನ್ನು ಎತ್ತಿ ತೂಗಿ ನೋಡಿದ. ತಂದಾಗ ಎಷ್ಟಿತ್ತೋ ಅಷ್ಟೇ. "ಇಲ್ಲಿಲ್ಲ," ಎಂದ. ರಾತ್ರಿ ಪಾಸ್ಕ್ವಾಲಾಳ ಕೋಣೆಯಲ್ಲಿ ಆಲೂಗಡ್ಡೆ ಮೂಟೆಗಳ ನಡುವೆ ಮಲಗಿದ.

ಮಾರನೆಯ ದಿನ ಮಗಳು ಕೆಲಸ ಮಾಡುತ್ತಿದ್ದ ಮನೆಗೆ ಹೋದರು. ಸೊಪೊಕಾಚಿ ಬಡಾವಣೆಯಲ್ಲಿ ಹಳೆಯ ಕಾಲದ ಕಲ್ಲುಮನೆ. ಬೀದಿಗೆ ಸರಳು ಹಾಕಿದ ಅಡುಗೆಮನೆ ಕಿಟಕಿ. ಪಾಸ್ಕ್ವಾಲಾ ಒಳಗೆ ಬರಲಿಲ್ಲ. "ನನ್ನ ಬಾಯಿ ನಿಂಗೊತ್ತಲ್ಲ. ನಾನು ಬಂದ್ರೆ ಕೆಲಸ ಕೆಡುತ್ತೆ," ಎಂದು ಮೂಲೆಯಲ್ಲೇ ನಿಂತಳು. ಮನೆಯೊಡತಿ ದೋನ್ಯಾ ಬೆರ್ತಾ ಬಾಗಿಲಿಗೆ ಬಂದಳು. ಅವನಿಗಿಂತ ಹತ್ತು ವರ್ಷವಾದರೂ ಚಿಕ್ಕವಳು.

"ಓ, ನೀನು ರೋಸಿತಾಳ ಅಪ್ಪನಾ?"

"ಇಸಿದೋರಾಳ ಅಪ್ಪ, ಅಮ್ಮಾವ್ರೇ."

"ಅದೇ. ನಮ್ಮನೇಲಿ ಕೆಲಸಕ್ಕೆ ಬರೋರನ್ನೆಲ್ಲ ರೋಸಿತಾ ಅಂತಲೇ ಕರೆಯೋದು. ನಮ್ಮತ್ತೆ ಕಾಲದಿಂದ ಹಾಗೇ. ಪ್ರತಿ ಸಲ ಹೊಸ ಹೆಸರು ಯಾರು ನೆನಪಿಟ್ಕೋತಾರೆ?" ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. "ಹೇಗಿದ್ದಾಳೆ? ಹೇಳದೆ ಕೇಳದೆ ಹೊರಟುಹೋದಳು."

"ಮಾತು ಬಿಟ್ಟಿದ್ದಾಳೆ. ಇಲ್ಲೇನಾದ್ರೂ ಹೆದರಿಕೊಂಡಿದ್ಲಾ?"

ಅವಳು ಅವನ ಮುಖ ಬಿಟ್ಟು ಬೀದಿಯ ಕಡೆ ನೋಡಿದಳು. "ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ನಮ್ಮ ಮಾವ ತೀರಿಕೊಂಡರು. ವಯಸ್ಸಾಗಿತ್ತು. ಅವಳೇ ನೋಡ್ಕೋತಿದ್ದಳು. ಹಚ್ಕೊಂಡಿದ್ದಳು ಅನ್ಸುತ್ತೆ."

ಅವನು ಆ ಮುದುಕ ತೀರಿಕೊಂಡ ಕೋಣೆಯಲ್ಲಿ ಸ್ವಲ್ಪ ಹೊತ್ತು ಶಾಲು ಹಾಸಲು ಬಿಡಬೇಕೆಂದು ಕೇಳಿದ. ಏಕೆಂದು ವಿವರಿಸುವ ಅಗತ್ಯ ಬೀಳಲಿಲ್ಲ. ಈ ಊರಲ್ಲಿ ಹುಟ್ಟಿದವಳಿಗೆ ಅದು ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಮುಖ ಬಿಗಿಯಿತು.

"ನೋಡು, ಅಂಥದ್ದೆಲ್ಲ ನನ್ನ ಮನೇಲಿ ಬೇಡ. ಹುಡುಗಿನ ಒಳ್ಳೆ ಡಾಕ್ಟರಿಗೆ ತೋರಿಸು." ಒಳಗೆ ಹೋಗಿ, ಮಗಳು ಬಿಟ್ಟುಹೋದ ಚಪ್ಪಲಿಯನ್ನೂ ಒಂದು ಸ್ವೆಟರನ್ನೂ ಪ್ಲಾಸ್ಟಿಕ್ ಚೀಲದಲ್ಲಿ ತಂದುಕೊಟ್ಟು ಬಾಗಿಲು ಹಾಕಿದಳು.

ಬ್ರೌಲಿಯೊ ಚೀಲ ಹಿಡಿದು ಇಳಿಜಾರಿನ ಬೀದಿಯಲ್ಲಿ ನಡೆದ. ಸಾನ್ ಫ್ರಾನ್ಸಿಸ್ಕೊ ಚರ್ಚಿನ ಮುಂದೆ ಬಂದು ಮೆಟ್ಟಿಲ ಮೇಲೆ ಕೂತ. ಮುನ್ನೂರು ವರ್ಷದ ಹಿಂದೆ ಅವನಂಥವರೇ ಹೊತ್ತು ತಂದ ಕಲ್ಲು ಎಂದು ಪಾಸ್ಕ್ವಾಲಾ ಹೇಳಿದಳು. ಅವನಿಗೆ ಕಲ್ಲಿನ ಮೇಲೆ ಗಮನವಿರಲಿಲ್ಲ.

"ಜೀವ ಇರೋದು ಆ ಮನೇಲೇ. ಆ ಹೆಂಗಸು ನನ್ನ ಮುಖ ಬಿಟ್ಟು ಬೀದಿ ನೋಡಿದ್ಲು," ಎಂದ.

"ಅಷ್ಟು ಗೊತ್ತಾಯ್ತಲ್ಲ. ನಾಳೆ ಬೆಳಗ್ಗೆ ಕಸದ ಲಾರಿ ಬರುತ್ತೆ. ಮನೆಯೊಡತೀರು ಕಸ ತರೋದಿಲ್ಲ ಭಾವ."

ಬೆಳಗ್ಗೆ ಲಾರಿಯ ಗಂಟೆ ಕೇಳಿದ್ದೇ, ಆ ಬೀದಿಯ ಎಲ್ಲ ಬಾಗಿಲುಗಳಿಂದ ಏಪ್ರನ್ ಕಟ್ಟಿದ ಹುಡುಗಿಯರು ಚೀಲ ಹಿಡಿದು ಓಡಿಬಂದರು. ಕಲ್ಲುಮನೆಯಿಂದ ಬಂದವಳು ಕುಳ್ಳಗಿದ್ದಳು, ಕೆನ್ನೆ ಚಳಿಗೆ ಒಡೆದಿತ್ತು. ಬ್ರೌಲಿಯೊ ಅವಳ ಚೀಲದ ಒಂದು ತುದಿ ಹಿಡಿದುಕೊಂಡ.

"ನಿಂಗಿಂತ ಮುಂಚೆ ಇದ್ದವಳ ಅಪ್ಪ ನಾನು."

"ಗೊತ್ತು ದೊಡ್ಡಪ್ಪ. ನಿನ್ನೆ ಅಡುಗೆಮನೆಯಿಂದ ಕೇಳಿಸ್ಕೊಂಡೆ." ಅವಳು ಚೀಲ ಲಾರಿಗೆ ಎಸೆದು ಬೇಗ ಬೇಗ ಹೇಳಿದಳು. "ಎದುರುಮನೆ ಅಡುಗೆಯವಳು ಎಲ್ಲ ಹೇಳಿದ್ದಾಳೆ ನಂಗೆ. ಪವಿತ್ರ ವಾರಕ್ಕೆ ಇವ್ರೆಲ್ಲ ಬಿಸಿಲು ಊರಿಗೆ ಹೋಗಿದ್ರಂತೆ, ಹೊರಗಿಂದ ಬೀಗ ಹಾಕ್ಕೊಂಡು. ಇವ್ರು ಹೊರಟ ರಾತ್ರೀನೇ ಮುದುಕಪ್ಪ ಸತ್ತೋದ್ರಂತೆ. ಇವ್ರು ಬರೋ ತನಕ ನಿಮ್ಮ ಮಗಳು ಹೆಣದ ಜೊತೆ ಒಳಗೇ ಇದ್ಲಂತೆ. ಕಿಟಕೀಲಿ ಕೂಗಿದ್ರೆ ಯಾರು ಬರ್ತಾರೆ? ಬೀದಿಯೋರೆಲ್ಲ ರಜಕ್ಕೆ ಹೋಗಿದ್ರು."

ಲಾರಿ ಮುಂದೆ ಹೋಯಿತು.

"ಬೀಗ ಯಾಕೆ?" ಎಂದ ಬ್ರೌಲಿಯೊ.

"ನಾವು ಯಾರನ್ನಾದ್ರೂ ಕರ್ಕೊಂಡು ಬಂದುಬಿಡ್ತೀವಿ ಅಂತ. ಇಲ್ಲಾಂದ್ರೆ ಬೆಳ್ಳಿ ಚಮಚ ಹೊತ್ಕೊಂಡು ಓಡ್ತೀವಿ ಅಂತ." ಅವಳು ಕಿಸಕ್ಕೆಂದು ನಕ್ಕಳು. "ಚಮಚ ಎಲ್ಲ ತಗಡಿಂದು ದೊಡ್ಡಪ್ಪ. ನಾನು ಕಚ್ಚಿ ನೋಡಿದೀನಿ."

"ನಂಗೆ ಆ ಕೋಣೆ ಬೇಕು."

"ನಿಮ್ಮನ್ನ ಒಳಗೆ ಬಿಡಕ್ಕಾಗಲ್ಲ. ನಾನು ಕರೀಬಹುದು. ಗುರುವಾರ ರಾಷ್ಟ್ರೀಯ ದಿನ ಅಲ್ವಾ, ಇವ್ರು ಸೋಮವಾರದ ತನಕ ಇರಲ್ಲ. ಬೀಗ ಹಾಕ್ಕೊಂಡು ಹೋದ್ಮೇಲೆ ಕಿಟಕಿ ಹತ್ರ ಬನ್ನಿ, ಶಾಲು ಸರಳಿನ ಸಂದೀಲಿ ಕೊಡಿ."

ಗುರುವಾರ ಬೆಳಗ್ಗೆ ನಗರದ ತುಂಬ ಬ್ಯಾಂಡಿನ ಸದ್ದು. ಕೆಂಪು ಹಳದಿ ಹಸಿರು ಬಾವುಟಗಳ ನಡುವೆ ತೂರಿಕೊಂಡು ಬ್ರೌಲಿಯೊ ಆ ಬೀದಿಗೆ ಬಂದ. ಕಲ್ಲುಮನೆಯ ಬಾಗಿಲಿಗೆ ಮುಷ್ಟಿಗಾತ್ರದ ಬೀಗ ಬಿದ್ದಿತ್ತು. ಬೀಗ ನೋಡಿ ಅವನಿಗೆ ಸಮಾಧಾನವೇ ಆಯಿತು. ಪಾಸ್ಕ್ವಾಲಾಳನ್ನು ಮೂಲೆಯಲ್ಲಿ ನಿಲ್ಲಿಸಿ, ಕಿಟಕಿಯ ಕೆಳಗೆ ಭೂತಾಯಿಗೆಂದು ನೆಲಕ್ಕೆ ನಾಲ್ಕು ಹನಿ ಸಾರಾಯಿ ಚೆಲ್ಲಿ, ಗಾಜು ತಟ್ಟಿದ.

ಹುಡುಗಿ ಕಿಟಕಿ ತೆರೆದು ಶಾಲು ತೆಗೆದುಕೊಂಡಳು. "ಯಾವ ಹೆಸರು ಹಿಡಿದು ಕರೀಲಿ?"

"ಇಸಿದೋರಾ."

"ಅದು ಸರಿ. ಆದ್ರೆ ಈ ಮನೇಲಿ ಒಂದು ವರ್ಷ ಅವಳನ್ನ ಆ ಹೆಸರಲ್ಲಿ ಯಾರೂ ಕರೆದಿಲ್ಲ. ಇಲ್ಲಿ ಹೆದರಿದವಳು ರೋಸಿತಾ. ರೋಸಿತಾ ಅಂದ್ರೇನೇ ತಿರುಗೋದು."

ಅವನ ಅಮ್ಮನ ಹೆಸರು ಇಸಿದೋರಾ. ಮಗಳಿಗೆ ಚರ್ಚಿನಲ್ಲಿ ನೀರು ಹಾಕಿಸಿ, ಅದೇ ಹೆಸರಿಟ್ಟು, ಕುರಿ ಕಡಿದು ಊಟ ಹಾಕಿಸಿದ್ದ. ಆ ಹೆಂಗಸು ಒಂದು ರೂಢಿಗೆ ಇಟ್ಟ ಹೆಸರನ್ನು ತನ್ನ ಬಾಯಿಂದ ಹೇಳುವುದು ಅವನಿಗಾಗಲಿಲ್ಲ.

"ಎರಡೂ ಕರಿ," ಎಂದ ಕೊನೆಗೆ.

ಅವಳು ಒಳಗೆ ಹೋದಳು. ಮನೆ ದೊಡ್ಡದು. ದನಿ ದೂರದಿಂದ ಬರುತ್ತಿತ್ತು. "ಇಸಿದೋರಾ, ಬಾ. ನಿಮ್ಮಪ್ಪ ಬಂದಿದಾನೆ, ಬಾ. ರೋಸಿತಾ, ಎದ್ದು ಬಾ. ಇಲ್ಲಿ ಯಾರೂ ಇಲ್ಲ ಈಗ, ಬಾ." ಅವಳು ಅವಸರ ಮಾಡಲಿಲ್ಲ. ಮಂಚದಡಿ ಹೆದರಿ ಕೂತ ಮಗುವನ್ನು ಕರೆಯುವವರ ಹಾಗೆ ಕರೆದಳು. ಆಚೆ ಬೀದಿಯಲ್ಲಿ ಬ್ಯಾಂಡು ಹಾದುಹೋದಾಗ ನಿಲ್ಲಿಸಿ, ಸದ್ದು ಇಳಿದ ಮೇಲೆ ಮತ್ತೆ ಕರೆದಳು.

ಮಡಿಸಿ ಗಂಟು ಕಟ್ಟಿದ ಶಾಲನ್ನು ಸರಳಿನ ನಡುವೆ ಹೊರಗೆ ಕೊಟ್ಟಳು. ಬ್ರೌಲಿಯೊ ಎರಡೂ ಕೈಯಲ್ಲಿ ತೆಗೆದುಕೊಂಡ. ಅದು ಭಾರವಾಗಿತ್ತೋ, ಅವನ ತೋಳು ಸೋತಿತ್ತೋ. ಎದೆಗೆ ಒತ್ತಿಕೊಂಡು ತಿರುಗಿದ.

"ದೊಡ್ಡಪ್ಪ."

ಅವನ ಹೆಜ್ಜೆ ತಡೆಯಿತು. ಮುಖ ಬೀದಿಯ ಕಡೆಗೇ ಇತ್ತು.

"ನನ್ನ ಹೆಸರು ಸೆನೋಬಿಯಾ. ನಂಗೆ ಅಪ್ಪ ಅಮ್ಮ ಇಲ್ಲ. ನಂಗೇನಾದ್ರೂ ಆದ್ರೆ ಬಂದು ಕರೆಯೋರು ಯಾರೂ ಇಲ್ಲ. ನಾನೂ ಆ ಕೋಣೆ ಪಕ್ಕದಲ್ಲೇ ಮಲಗೋದು. ಒಂದ್ಸಲ ನನ್ನ ಹೆಸರು ಹಿಡಿದು ಕರೀರಿ. ಸುಮ್ನೆ, ಒಂದ್ಸಲ."

ಅವನು ಬಾಯಿ ತೆರೆಯಲಿಲ್ಲ. ತೆರೆದರೆ ತಿಂಗಳುಗಟ್ಟಲೆ ಒಲೆಯ ಪಕ್ಕ ಕೂತವಳು ಅಲ್ಲೇ ಕೂತಿರುತ್ತಾಳೆ.

"ಅಯ್ಯೋ, ನೀವು ಮಾತಾಡೋ ಹಂಗಿಲ್ಲ ಅಲ್ವಾ," ಎಂದಳು ಅವಳು ಹಿಂದಿನಿಂದ. "ಮರ್ತೇಬಿಟ್ಟೆ. ಹೋಗಿ, ಹೋಗಿ." ಕಿಟಕಿ ಹಾಕಿದ ಸದ್ದಾಯಿತು. ಅವನು ನಡೆದ.

ಪಾಸ್ಕ್ವಾಲಾ ಮುಂದೆ, ಅವನು ಹಿಂದೆ. ಮೆರವಣಿಗೆಯ ನಡುವೆ ಅವಳು ಮೊಣಕೈಯಿಂದ ದಾರಿ ಮಾಡಿದಳು. ರೋಪ್‌ವೇಯಲ್ಲಿ ಟಿಕೆಟ್ಟಿನವನು ಗಂಟಿನಲ್ಲಿ ಏನಿದೆ ಎಂದು ಕೇಳಿದಾಗ, "ಅವನನ್ನ ಕೇಳ್ಬೇಡ, ಮೂಗ. ನಮ್ಮಕ್ಕ ಮಾತಾಡಿ ಮಾತಾಡಿ ಹೀಗಾಗಿದಾನೆ," ಎಂದಳು. ಡಬ್ಬಿ ಮೇಲಕ್ಕೆ ಏರಿತು. ಬೆನ್ನ ಹಿಂದೆ ಇಡೀ ನಗರ ಇಳಿದುಹೋಗುತ್ತಿತ್ತು. ಬಂದಾಗ ಅಂಚಿನಲ್ಲಿ ನಿಂತು ಕಣ್ಣು ತುಂಬ ನೋಡಿದ್ದ ಅದನ್ನು, ಹೋಗುವಾಗ ಒಂದು ಸಲವೂ ನೋಡಲಿಲ್ಲ.

ಊರು ಮುಟ್ಟುವಾಗ ಸರೋವರದ ಮೇಲೆ ಹೊತ್ತು ಮುಳುಗುತ್ತಿತ್ತು. ಅವನ ಹೆಂಡತಿ ತೋರಿಬಿಯಾ ಏನೂ ಕೇಳದೆ ಬಾಗಿಲಿಂದ ಪಕ್ಕಕ್ಕೆ ಸರಿದಳು. ಒಲೆಯ ಪಕ್ಕ ಕೂತಿದ್ದ ಮಗಳ ತಲೆ ಭುಜ ಸುತ್ತಿ ಶಾಲು ಹೊದಿಸಿದ. "ಇಸಿದೋರಾ, ಬಂದ್ಯಾ?" ಎಂದ. ಜೀವ ಬಂದಿದ್ದರೆ "ಬಂದೆ" ಎಂದು ಅವಳು ಹೇಳಬೇಕು. ಹೇಳಲಿಲ್ಲ. ಮತ್ತೆ ಕೇಳಿದ. ಬೆಂಕಿಯನ್ನೇ ನೋಡುತ್ತಿದ್ದಳು. ತೋರಿಬಿಯಾ ಅಳುವುದಕ್ಕೆ ಶುರುಮಾಡಿದಳು.

ರೋಸಿತಾ ಎಂದು ಕರೆಯಬೇಕೇನೋ ಎಂದು ಅವನಿಗೆ ಹೊಳೆಯಿತು. ಕರೆಯಲಿಲ್ಲ. ಎದ್ದು ಅಂಗಳಕ್ಕೆ ಬಂದ. ಈಗ ಮಾತಾಡಬಹುದಿತ್ತು. ನಗರ ಇರುವ ದಿಕ್ಕಿಗೆ ನಿಂತು, ಟೊಪ್ಪಿ ತೆಗೆದು, ಕುರಿಗಳನ್ನು ಕೂಗುವ ದೊಡ್ಡ ದನಿಯಲ್ಲಿ ಕರೆದ.

"ಸೆನೋಬಿಯಾ, ಬಾ. ಸೆನೋಬಿಯಾ, ಎದ್ದು ಬಾ."

ನಾಯಿ ಬೊಗಳಿತು. ಮೂರನೆಯ ಸಲ ಕರೆಯಲು ಉಸಿರು ಎಳೆದುಕೊಳ್ಳುವಾಗ ಒಳಗಿನಿಂದ ದನಿ ಬಂತು. ಬಳಸದೆ ತುಕ್ಕು ಹಿಡಿದಂಥ ದನಿ.

"ಯಾರಪ್ಪ ಅದು?"

ಅವನು ಬಾಗಿಲಲ್ಲಿ ನಿಂತ. ಮಗಳು ಶಾಲಿನೊಳಗಿಂದ ಅವನನ್ನು ನೋಡುತ್ತಿದ್ದಳು.

"ಆ ಮನೇಲಿ ಈಗ ಇರೋ ಹುಡುಗಿ."

"ಒಳಗಿದ್ದಾಳಾ?"

"ಒಳಗಿದ್ದಾಳೆ. ಸೋಮವಾರದ ತನಕ."

ಬ್ರೌಲಿಯೊ ಮೂಲೆಯಿಂದ ಕಲ್ಲು ಒಡೆಯುವ ಹಾರೆ ತೆಗೆದು ಗೋಣಿಯಲ್ಲಿ ಸುತ್ತತೊಡಗಿದ. ನಗರಕ್ಕೆ ಬೆಳಗ್ಗಿನ ಮೊದಲ ವ್ಯಾನು ಇನ್ನೂ ಕತ್ತಲಿರುವಾಗಲೇ ಹೊರಡುತ್ತದೆ.

"ಅಡುಗೆಮನೆ ಕಿಟಕಿ ತಟ್ಟಿ ಮೊದ್ಲು ಅವಳ ಹೆಸರು ಹೇಳಪ್ಪ," ಎಂದಳು ಮಗಳು. "ಅದಾದ್ಮೇಲೆ ಬೀಗ ಒಡಿ. ಸುಮ್ನೆ ಬಾಗಿಲು ಬಡಿದ್ರೆ ಒಳಗಿದ್ದವಳು ಹೆದರ್ತಾಳೆ."