ಭೇರ್ಯದಿಂದ ಬರಬೇಕಾದ ಸೀರೆ

ಹೆಣದ ಕೆನ್ನೆಗೆ ಅರಿಶಿನ ಬಳಿಯುತ್ತಿದ್ದ ಪಕ್ಕದ ಮನೆ ತಿಮ್ಮಮ್ಮ ಕೈ ತಡೆದು, "ಸೀರೆ ಎಲ್ಲವ್ವ?" ಎಂದಳು.

ಸತ್ತವಳ ಮಗಳು ಸುಧಾ ಬೀದಿಯ ಕಡೆ ನೋಡಿದಳು. ಅವ್ವ ಸುನಂದಮ್ಮನನ್ನು ಮೀಯಿಸಿ, ತಲೆ ಬಾಚಿ, ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಉಟ್ಟಿದ್ದು ಮನೆಯ ಹಳೇ ಸೀರೆ. ಮುತ್ತೈದೆಯಾಗಿ ಸತ್ತವಳಿಗೆ ತವರಿನವರು ಸೀರೆ ತಂದು ಹೊದಿಸಬೇಕು, ಆಮೇಲೇ ಚಟ್ಟ ಏಳುವುದು. ಈ ಕಂಪಲಾಪುರದ ಸುತ್ತ ಎಂಥ ಬಡವಿಗೂ ಇದು ತಪ್ಪಿದ್ದಿಲ್ಲ. ಸುನಂದಮ್ಮನ ತವರು ಭೇರ್ಯ. ಅಲ್ಲಿ ಉಳಿದವನು ಒಬ್ಬನೇ ತಮ್ಮ, ನಿಂಗಯ್ಯ. ತನ್ನ ಮಗನ ಮದುವೆಯ ದಿನ, ಇನ್ನು ಅಕ್ಕನ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಇಟ್ಟವನು.

"ಸತ್ತೋದ್ಲು ಅಂದ್ರೂ ಬರಾಕಿಲ್ವಂತಾ? ಅದೇನ್ ಕಲ್ಲೆದೆಯಪ್ಪಾ!" ಎಂದಳು ತಿಮ್ಮಮ್ಮ.

"ಅವನದೇನ್ ತಪ್ಪು ಬುಡಕ್ಕ," ಎಂದಿತು ಹಿಂದಿನಿಂದ ಒಂದು ದನಿ. "ಈವಮ್ಮ ಏನ್ ಕಮ್ಮಿ ಆಡಿದ್ಲಾ? ಕೊನೆಗಾಲಕ್ಕೆ ಅದೆಲ್ಲಿಂದ ಬಂತೋ ಆ ಕೊಬ್ಬು."

ಸುಧಾಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು ಕೂಗಿಬಿಡಬೇಕು ಅನ್ನಿಸಿತು. ಅಂಗಳದಲ್ಲಿ ಶಾಮಿಯಾನದ ಕೆಳಗೆ ಗುರುಪುರದ ಕುಳ್ಳಯ್ಯ ಕುರ್ಚಿಯಲ್ಲಿ ಕೂತಿದ್ದರು. ಸುಧಾಳನ್ನು ಸೊಸೆ ಮಾಡಿಕೊಳ್ಳಲು ಒಪ್ಪಿ, ಲಗ್ನಕ್ಕೆ ದಿನ ನೋಡುತ್ತಿದ್ದವರು. ಅವರನ್ನು ಕಂಡು ಹುಡುಗಿ ಬಾಯಿ ಮುಚ್ಚಿಕೊಂಡಳು.

*

ಸುನಂದಮ್ಮ ಹಿಂದೆ ಹಾಗಿರಲಿಲ್ಲ. ಅವಳ ದನಿ ಬೀದಿಗೆ ಕೇಳಿಸಿದ್ದೇ ಇಲ್ಲ. ಹೊಗೆಸೊಪ್ಪಿನ ಕಾಲದಲ್ಲಿ ಕೂಲಿ ಹೆಂಗಸರ ಜೊತೆ ತಾನೂ ಕೂತು ಸೊಪ್ಪು ಕಟ್ಟುತ್ತಿದ್ದಳು. ಅವರಿಗೆಲ್ಲ ಕಾಫಿ ಕೊಟ್ಟು, ತಳದಲ್ಲಿ ಉಳಿದರೆ ಕುಡಿಯುತ್ತಿದ್ದಳು, ಇಲ್ಲದಿದ್ದರೆ ಇಲ್ಲ. ಇಂಥವಳು ಐವತ್ತು ದಾಟುತ್ತಿದ್ದಂತೆ ಬೆಲ್ಲದ ಡಬ್ಬಕ್ಕೇ ಕೈ ಹಾಕಿ ತಿನ್ನತೊಡಗಿದಳು. ಅತ್ತವರ ಎದುರು ನಕ್ಕಳು. ಸುಧಾ ಜ್ವರದಲ್ಲಿ ಮಲಗಿದ್ದರೆ ದಾಟಿಕೊಂಡು ಹೋಗಿ ಟೀವಿ ಹಾಕಿದಳು.

ಭೇರ್ಯದ ಮದುವೆಯಲ್ಲಂತೂ ಮಾನ ಹರಾಜಾಯಿತು. ಊಟಕ್ಕೆ ಕೂತವರ ಎಲೆಯಿಂದ ಲಾಡು ಎತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ನಿಂಗಯ್ಯನ ಹೆಂಡತಿ ಮೆಲ್ಲಗೆ ಕೈ ಹಿಡಿದಳು. ಸುನಂದಮ್ಮ ಮದುವಣಿಗನತ್ತ ಬೆರಳು ಮಾಡಿ, ಹೆಣ್ಣಿನ ಕಡೆಯವರಿಗೆಲ್ಲ ಕೇಳುವಂತೆ, "ಈ ಹೈದಂಗೆ ನಮ್ ನಿಂಗನ ಮೂಗಿಲ್ಲ, ಕಿವಿ ಇಲ್ಲ. ಯಾರ್ದೇ ಇದು?" ಅಂದು ಗಹಗಹಿಸಿ ನಕ್ಕಳು.

ಆಮೇಲೆ ಮೈಸೂರಿಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ತಲೆಯ ಸ್ಕ್ಯಾನ್ ತೋರಿಸಿ ಹೇಳಿದರು: "ಹಣೆಯ ಹಿಂದಿನ ಮೆದುಳು ಸವೆದಿದೆ. ಏನು ಆಡಬಾರದು, ಏನು ಮಾಡಬಾರದು ಅಂತ ನಮ್ಮನ್ನು ತಡೆಯೋದು ಅದೇ ಭಾಗ. ನೆನಪು ಸರಿಯಾಗೇ ಇರುತ್ತೆ. ಅದಕ್ಕೇ ಬೇಕಂತಲೇ ಮಾಡ್ತಾರೆ ಅನ್ನಿಸುತ್ತೆ." ಬಾಗಿಲ ತನಕ ಬಂದವರನ್ನು ಮತ್ತೆ ಕರೆದು, "ಕೆಲವು ಮನೆತನಗಳಲ್ಲಿ ಇದು ರಕ್ತದಲ್ಲೇ ಇಳಿದು ಬರೋದುಂಟು" ಎಂದೂ ಸೇರಿಸಿದರು.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕೆಂಪಯ್ಯ ಮಗಳ ಕಡೆ ತಿರುಗಿ ಹೇಳಿದ್ದು ಇಷ್ಟೇ: "ಊರಲ್ಲಿ ಬಾಯಿ ಬುಡಬ್ಯಾಡ ಕಣ್ ಮಗಾ. ಕೊಬ್ಬು ಅನ್ಕಳ್ಳಿ, ಅನ್ಕಂಡೋಗ್ಲಿ. ಹುಚ್ಚು ಅಂದ್ರೆ ನಿನ್ನ ಯಾರ್ ಮಾಡ್ಕತಾರೆ?"

ಸುನಂದಮ್ಮ ಪಕ್ಕದಲ್ಲೇ ಕೂತು ಬಾಳೆಹಣ್ಣಿನ ಮೇಲೆ ಬಾಳೆಹಣ್ಣು ತಿನ್ನುತ್ತಿದ್ದಳು.

*

ನಿಂಗಯ್ಯ ಬಂದ. ಅಂಗಳದ ಅಂಚಿನಲ್ಲೇ ನಿಂತ. ಕಂಕುಳಲ್ಲಿ ಅಂಗಡಿಯ ಕವರು, ಒಳಗೆ ಹಸಿರು ಸೀರೆ. ದಾರಿಯುದ್ದಕ್ಕೂ ಅತ್ತಿದ್ದನೋ ಏನೋ, ಕಣ್ಣು ಊದಿತ್ತು. ಮುಖ ಮಾತ್ರ ಬಿಗಿದೇ ಇತ್ತು.

"ಬಾವ," ಎಂದ. "ಸೀರೆ ತಂದಿವ್ನಿ. ನನ್ನ ಎತ್ತಿ ಆಡ್ಸಿದೋಳು, ತರ್ದೆ ಇರ್ತೀನಾ? ಆದ್ರೆ ನನ್ ಹೆಂಡ್ತಿ ಅವತ್ತಿಂದ ನಾಕ್ ಜನದ ಮುಂದೆ ತಲೆ ಎತ್ತಿಲ್ಲ. ಅಕ್ಕ ಆಡಿದ್ದು ತಪ್ಪು ಅಂತ ಈ ಮನೇಲಿ ಒಬ್ರಾದ್ರೂ ಅನ್ಲಿ. ಆಮೇಲೆ ಒಳಕ್ ಬತ್ತೀನಿ."

ಕೆಂಪಯ್ಯ ಟವೆಲ್ಲು ಕೈಗೆ ತೆಗೆದುಕೊಂಡು ಎದ್ದ. "ತಪ್ಪೇ ಕಣಪ್ಪಾ. ಕೊಬ್ಬು ಬಂದಿತ್ತು ಅವ್ಳಿಗೆ. ಅವ್ಳ ಪರವಾಗಿ ನಾನು ನಿನ್ ಕಾಲು..."

"ಅಪ್ಪಾ, ಬ್ಯಾಡ!"

ಎಲ್ಲರೂ ತಿರುಗಿದರು. ಸುಧಾ ಜಗಲಿಯಿಂದ ಇಳಿದು ಬಂದಿದ್ದಳು. ಈಗ ಅಪ್ಪ ಬಾಗಿದರೆ ಅವ್ವ ಕೊಬ್ಬಿದವಳಾಗಿಯೇ ಮಣ್ಣಿಗೆ ಹೋಗುತ್ತಾಳೆ. ಇನ್ನು ಯಾವತ್ತು ಯಾರು ಏನು ಹೇಳಿದರೂ ಆ ಮಾತು ಅಳಿಸುವುದಿಲ್ಲ.

"ಅವ್ವಂಗೆ ಕೊಬ್ಬಿರಲಿಲ್ಲ ಮಾವ. ಕಾಯಿಲೆ ಇತ್ತು."

"ಸುಧಾ, ಸುಮ್ಕಿರು," ಎಂದ ಕೆಂಪಯ್ಯ. ಅವನ ಕಣ್ಣು ಕುಳ್ಳಯ್ಯನವರ ಕಡೆಗಿತ್ತು.

"ಸುಮ್ಕಿದ್ದಿದ್ದು ಸಾಕಪ್ಪ." ಅವಳು ತನ್ನ ಹಣೆ ಮುಟ್ಟಿ ತೋರಿಸಿದಳು. "ಇಲ್ಲಿ, ಹಣೆ ಹಿಂದೆ, ಮೆದುಳು ಸವೆದೋಗಿತ್ತು ಮಾವ. ನಿಮ್ಗೂ ನಂಗೂ ಬಾಯಿಗೆ ಬಂದಿದ್ದು ಗಂಟಲಲ್ಲೇ ನಿಲ್ತದಲ್ಲ, ಅಂಗೆ ನಿಲ್ಸೋ ಜಾಗಾನೇ ಅವ್ವಂಗೆ ಹಾಳಾಗಿತ್ತು. ಮೈಸೂರಲ್ಲಿ ಸ್ಕ್ಯಾನ್ ಮಾಡಿ ತೋರ್ಸಿದ್ರು. ನಾವೇ ಮುಚ್ಚಿಟ್ವಿ. ಅತ್ತೆ ಬಗ್ಗೆ ಆಡಿದ್ದು ಅವ್ವ ಅಲ್ಲ ಮಾವ, ಆ ಕಾಯಿಲೆ."

ನಿಂಗಯ್ಯ ಕವರನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ.

"ನಮ್ಮವ್ವನೂ," ಎಂದ ಕೊನೆಗೆ, "ಸಾಯೋ ಕಾಲಕ್ಕೆ ಕಂಡೋರ ತಟ್ಟೆಗೆ ಕೈ ಹಾಕ್ತಿದ್ಲು. ಬಾಯಿ ತೆಗೆದ್ರೆ ಬೈಗುಳ. ನಾನು ಕೊಟ್ಟಿಗೇಲಿ ಕೂರ್ಸಿ ಉಣ್ಣಾಕಿಕ್ಕಿಸ್ತಿದ್ದೆ. ಅವ್ವ ಬೇಕಂತ ಮಾಡ್ತಿಲ್ಲ ಕಣ್ಲಾ ಅಂತ ಅಕ್ಕ ಬಂದು ನನ್ ಕೂಡೆ ಜಗಳ ಆಡಿದ್ಲು. ನಾನು ಕೇಳ್ನಿಲ್ಲ." ಸುಧಾಳ ಮುಖ ನೋಡಿದ. "ರಕ್ತದಲ್ಲಿ ಬತ್ತದಾ ಮಗಾ ಇದು?"

ಕುಳ್ಳಯ್ಯನವರ ಕುರ್ಚಿ ಕಿರುಗುಟ್ಟಿತು. ಇಲ್ಲ ಎಂದುಬಿಡಬಹುದಿತ್ತು. ಅವಳ ನಾಲಿಗೆ ತುದಿಯಲ್ಲೇ ಇತ್ತು ಆ ಮಾತು. ಆದರೆ ಕೇಳುತ್ತಿದ್ದವನು ಸಾಯುವ ತನಕ ಆ ಉತ್ತರದ ಜೊತೆ ಬಾಳಬೇಕಾದವನು.

"ಬರಬೋದು, ಬರ್ದೇನೂ ಇರ್ಬೋದು ಅಂದ್ರು. ನಿಮ್ಗೂ ಅಷ್ಟೇ ಮಾವ. ನಂಗೂ ಅಷ್ಟೇ."

ನಿಂಗಯ್ಯ ಚಪ್ಪಲಿ ಬಿಟ್ಟು ಒಳಗೆ ಬಂದ. ಸೀರೆಯ ಮಡಿಕೆ ಬಿಚ್ಚಿ ಅಕ್ಕನಿಗೆ ಹೊದಿಸಿದ. ಸೆರಗನ್ನು ತಲೆಯ ಮೇಲಕ್ಕೆ ಎಳೆಯುವಾಗ ತಡೆದುಕೊಳ್ಳಲಾಗದೆ, "ಅಕ್ಕಾ, ನನ್ನಕ್ಕಾ," ಎಂದು ಗೋಳೋ ಎಂದು ಅತ್ತ. ತಿಮ್ಮಮ್ಮ ತಾನೂ ಕಣ್ಣೊರೆಸಿಕೊಂಡು ಕುಂಕುಮದ ಬಟ್ಟಲು ಮುಂದಿಟ್ಟಳು. "ಇಡಪ್ಪ, ತವರಿನ ಕೈಯಿಂದ್ಲೇ ಇಡು." ಅವನು ಹೆಬ್ಬೆರಳಲ್ಲಿ ದಟ್ಟವಾಗಿ ಅಕ್ಕನ ಹಣೆಗೆ ಇಟ್ಟ. ಬೆರಳು ಅಲ್ಲೇ ಬಹಳ ಹೊತ್ತು ನಿಂತಿತು.

ಹೊರಡುವ ಹೊತ್ತಿಗೆ ಕುಳ್ಳಯ್ಯನವರ ಕುರ್ಚಿ ಖಾಲಿಯಾಗಿತ್ತು. ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಸುಧಾ ಒಂದು ಸಲ ಅತ್ತ ನೋಡಿ, ಅವ್ವನ ಕಾಲಿನ ಕಡೆ ಹೂವು ಸರಿಪಡಿಸಿದಳು.

ತಮಟೆ ಶುರುವಾಯಿತು. ಚಟ್ಟದ ಮುಂದಿನ ಬೊಂಬಿಗೆ ಹೆಗಲು ಕೊಡಲು ನಿಂಗಯ್ಯ ಬಾಗಿದ. ಏಳುವ ಮೊದಲು, ಏನೋ ನೆನಪಾದವನಂತೆ, ಬಲಗೈಯ ಹೆಬ್ಬೆರಳನ್ನು ತನ್ನ ಹಣೆಗೆ, ಸುಧಾ ತೋರಿಸಿದ್ದ ಜಾಗಕ್ಕೇ ಒತ್ತಿ, ಅತ್ತಿತ್ತ ಆಡಿಸಿ ನೋಡಿಕೊಂಡ. ಅವನಿಗೆ ತಿಳಿಯದಂತೆ ಅಲ್ಲಿ ಕುಂಕುಮ ಮೆತ್ತಿತು. ಅದನ್ನು ಕಂಡವರು ಯಾರೂ ಅವನಿಗೆ ಹೇಳಲಿಲ್ಲ.