ಕುರ್ಚಿಯ ಕೆಳಗೆ

ಇರುವೆ ಲೋಟದ ಅಂಚಿಗೆ ಹತ್ತಿದೆ, ಆನ್ ದ ಕಪ್, ಜಾರಿದರೆ ಇನ್ ದ ಕಪ್, ಮೊದಲೆಲ್ಲ ಇರುವೆ ಬರೀ ಇರುವೆಯಾಗಿತ್ತು — ಎಲ್ಲಿ ನೋಡ್ತಿದೀಯಮ್ಮ ಜೀನತ್, ನಾನೀಗ ಇಂದಿರಾ ಟೀಚರ್ ಅಲ್ಲ, ನಾಳೆ ಪರೀಕ್ಷೆ ತಗೊಳ್ಳೋ ಆಫೀಸರು ಅಂದ್ಕೊ — ಅಂದುಕೊಂಡೆ, ಆದರೆ ಆ ಆಫೀಸರ ಹಣೆಯಲ್ಲಿ ಇಷ್ಟಗಲ ಕುಂಕುಮ ಇರುವುದಿಲ್ಲ, ಹಿಂದೆ ಗುಡಿಯ ಗಂಟೆ ಬಾರಿಸುವುದಿಲ್ಲ, ಪಾಂಡವಪುರದಿಂದ ಬಸ್ಸು ಹತ್ತಿ ಶ್ರೀರಂಗಪಟ್ಟಣದ ಈ ಜಗಲಿಗೆ ನಾನು ಬರುತ್ತಿರುವುದು ಇದೊಂದಕ್ಕೇ, ಗಂಡನ ಹತ್ತಿರ ಹೋಗಬೇಕಾದರೆ ಹೆಂಡತಿ ಇಂಗ್ಲಿಷ್ ಮಾತಾಡಿ ತೋರಿಸಬೇಕಂತೆ, ಇಂಗ್ಲೆಂಡಿನ ಕಾನೂನು, ಅಮ್ಮಿ ಕಿಕ್ಕೇರಿಯಿಂದ ಅಬ್ಬಾನ ಮನೆಗೆ ಬಂದಾಗ ಯಾರು ಏನು ಕೇಳಿದ್ದರು, ಟ್ರಂಕು ಇಳಿಸಿದಳು, ಒಲೆ ಹಚ್ಚಿದಳು, ಮುಗಿಯಿತು. ನಾನು ಎರಡು ಸಲ ಫೇಲು, ಮೊದಲ ಸಲ ವೇಟಿಂಗ್ ಮಿ ಅಂದೆ, ಫಾರ್ ನುಂಗಿಬಿಟ್ಟೆ, ಎರಡನೆಯ ಸಲ ವಾಂಟ್ಸ್ ಮಿ ಕಮಿಂಗ್ ಅಂದೆ, ಟು ಬಾಯಲ್ಲೇ ಉಳಿಯಿತು, ಎರಡು ಸಲವೂ ಜಫರ್ ಫೋನಿನಲ್ಲಿ ಬೆಣ್ಣೆಯಂತೆ ಮಾತಾಡಿದ, ಓಗ್ಲಿ ಬುಡು ಜಾನ್, ಆತ್ರ ಯಾಕೆ, ಮುಂದಿನ್ ಸಲ ಆಯ್ತದೆ — ಇಂಥ ಗಂಡ ಯಾರಿಗುಂಟು ಎಂದು ಫೋನನ್ನು ಎದೆಗೊತ್ತಿಕೊಂಡು ಕೂತಿದ್ದೆ, ಪೆದ್ದಿ. ರಜೆಗೆ ಬಂದು ನಿಕಾಹ್ ಮಾಡಿಕೊಂಡು ಹೊರಟ ದಿನ ಪಾಂಡವಪುರದ ಸ್ಟೇಷನ್ನಿನಲ್ಲಿ ಅಮ್ಮಿ ಕೊಟ್ಟ ಉಪ್ಪಿನಕಾಯಿ ಡಬ್ಬಕ್ಕೆ ಅವನು ಹಗ್ಗ ಬಿಗಿಯುತ್ತಿದ್ದಾನೆ, ಗಂಟಿನ ಮೇಲೆ ಗಂಟು, ಇಂಗ್ ಆಕಿದ್ರೆ ಜಪ್ಪಯ್ಯ ಅಂದ್ರೂ ಬಿಚ್ಚಕಿಲ್ಲ ಕಣೆ, ಕಣ್ಣು ಮಿಟುಕಿಸುತ್ತಾನೆ, ನಾನು ಸೆರಗು ಕಚ್ಚಿಕೊಂಡು ನಗುತ್ತೇನೆ, ರೈಲು ಹೋದ ಮೇಲೂ ನಗುತ್ತಲೇ ಇದ್ದೆ.

ಟೀಚರ್ ಕೆಮ್ಮುತ್ತಾರೆ, ಬಿಳಿ ಗೋಡೆ ನೋಡುತ್ತಾರೆ, ಫೋಟೋ ಮಾತ್ರ ಕೇಳುವುದಿಲ್ಲ, ಆವತ್ತು ಅವರೇ ಕೇಳಿದ್ದರು, ನಿಮ್ಮೆಜಮಾನ್ರು ಕಳಿಸಿರೋ ರೂಮಿನ ಫೋಟೋ ಇದೆಯಲ್ಲ, ಅದನ್ನೇ ಪಾಠ ಮಾಡ್ಕೊಳ್ಳೋಣ, ಯಾವುದು ಎಲ್ಲಿದೆ ಹೇಳು — ಒಬ್ಬನೇ ಇರುವ ರೂಮು ಅಂದಿದ್ದ, ಅಷ್ಟು ದಿನ ನಾನು ಅದರಲ್ಲಿ ಅವನ ನಗುವೊಂದನ್ನೇ ನೋಡಿದ್ದೆ — ದ ಕೆಟಲ್ ಈಸ್ ಆನ್ ದ ಟೇಬಲ್, ದ ಕೋಟ್ ಈಸ್ ಬಿಹೈಂಡ್ ದ ಡೋರ್, ದ ಶೂಸ್ ಆರ್ ಅಂಡರ್ ದ ಚೇರ್, ಭೇಷ್, ಹೂಸ್ ಶೂಸ್, ಹಿಸ್ ಎನ್ನುತ್ತ ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿದೆ, ಪುಟ್ಟ ನೀಲಿ ಬೂಟು, ಜೋಡಿ ಎರಡೂ ನನ್ನ ಅಂಗೈಯಲ್ಲಿ ಕೂರುವಷ್ಟು. ನಮ್ಮಲ್ಲಿ ಕುರ್ಚಿ ಮೊದಲು, ಕೆಳಗೆ ಆಮೇಲೆ, ಇಂಗ್ಲಿಷಿಗೆ ಕೆಳಗೆಯೇ ಮೊದಲು, ಹಾಗೆ ಕಲಿಯದೆ ಹೋಗಿದ್ದರೆ ನಾನು ಕೆಳಗೆ ಬಗ್ಗಿ ನೋಡುತ್ತಲೇ ಇರಲಿಲ್ಲ. ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು, ಬೇರೆ ಪಾಠ ನೋಡೋಣಮ್ಮ. ಆ ಬೂಟು ಯಾರದು ಎಂದು ಫೋನಿನಲ್ಲಿ ಕೇಳಿದೆ, ಯಾವ್ ಬೂಟು, ಅಂದ, ಅಷ್ಟೇ, ಈಗ ರಿಂಗಾಗುತ್ತದೆ, ಎತ್ತುವುದಿಲ್ಲ. ಅಮ್ಮಿಗೆ ಹೇಳಿಲ್ಲ, ಅಮ್ಮಿ ನನ್ನ ಪೆಟ್ಟಿಗೆಗೆ ಖಾರದಪುಡಿ ಕುಟ್ಟಿಸುತ್ತಿದ್ದಾಳೆ, ಪಕ್ಕದ ಮನೆ ಹೆಂಗಸು ನಲ್ಲಿಯ ಹತ್ತಿರ, ಯಾವಾಗವ್ವ ಕರ್ಸ್ಕತಾನೆ ನಿನ್ ಗಂಡ, ಪರೀಕ್ಷೆ ಆಗ್ಲಿ ಅಕ್ಕ ಅಂದೆ, ಅವನೂ ಅದನ್ನೇ ತಾನೇ ಹೇಳುತ್ತಿದ್ದದ್ದು, ನಾನು ತಪ್ಪುತ್ತಿರುವವರೆಗೂ ಅವನು ಬಚಾವ್, ನಾನೂ ಬಚಾವ್, ಫೇಲಾದರೆ ಇನ್ನೂ ಕಾಯುವ ಹೆಂಡತಿ, ಪಾಸಾದರೆ ಯಾರು.

ಟೆಲ್ ಮಿ ಅಬೌಟ್ ಯುವರ್ ಹಸ್ಬೆಂಡ್, ಟೀಚರ್ ಗೋಡೆಯನ್ನೇ ಕೇಳುತ್ತಾರೆ, ನಾನು ನೆಟ್ಟಗೆ ಕೂರುತ್ತೇನೆ — ಮೈ ಹಸ್ಬೆಂಡ್ ಲಿವ್ಸ್ ಇನ್ ಇಂಗ್ಲೆಂಡ್, ಹೀ ಈಸ್ ವೇಟಿಂಗ್ ಫಾರ್ ಮಿ, ಹೀ ವಾಂಟ್ಸ್ ಮಿ ಟು ಕಮ್ — ಯಾ ಅಲ್ಲಾ, ಒಂದೂ ತಪ್ಪಿಲ್ಲ, ನಿಜವಾಗಿದ್ದಾಗ ನಾಲಿಗೆಗೆ ಹತ್ತದ ಮಾತು ಸುಳ್ಳಾದ ಮೇಲೆ ನೀರು ಕುಡಿದಷ್ಟು ಸಲೀಸಾಗಿ ಬಂತು, ಟೀಚರ್ ನನ್ನ ಕೈ ಹಿಡಿದುಕೊಳ್ಳುತ್ತಾರೆ, ಪಾಸಾಗಿಬಿಡ್ತೀಯಲ್ಲೇ ಹುಡುಗಿ, ಎನ್ನುತ್ತಾರೆ, ಸತ್ತ ಮನೆಯಲ್ಲಿ ಎನ್ನುವ ಹಾಗೆ, ನನಗೆ ಭಯವಾಗುತ್ತಿದೆ ಟೀಚರ್, ಬಾಯಿ ತೆರೆದರೆ ಬರುವುದು ದ ಕೆಟಲ್ ಈಸ್ ಆನ್ ದ ಟೇಬಲ್, ದ ಕೋಟ್ ಈಸ್ ಬಿಹೈಂಡ್ ದ ಡೋರ್, ಆ ಬೂಟು ಗೆಳೆಯನ ಮಗುವಿನದು ಅನ್ನಬಹುದಿತ್ತು ಅವನು, ನಂಬುತ್ತಿದ್ದೆ, ನಂಬಿಬಿಡುತ್ತಿದ್ದೆ, ಆದರೆ ಕುರ್ಚಿಯ ಕೆಳಗೆ ನೀಲಿ ಬೂಟು, ಬೂಟಿಗೆ ಲೇಸು, ಲೇಸಿಗೆ ಗಂಟು, ಗಂಟಿನ ಮೇಲೆ ಗಂಟು, ಜಪ್ಪಯ್ಯ ಅಂದ್ರೂ ಬಿಚ್ಚಕಿಲ್ಲ —